ಮಧ್ಯಾಹ್ನದ ಚೀಲ

ಆ ಕೋಣೆಯ ಬಾಗಿಲನ್ನು ಕೇಳದೆ ತೆಗೆದವರ ಗ್ರಹಚಾರ ಅವತ್ತು ನೆಟ್ಟಗಿಲ್ಲ ಅಂತಲೇ ಲೆಕ್ಕ. ಹಾಲು ಹಾಕುವವನಿರಲಿ, ಪಕ್ಕದ ಮನೆಯವಳಿರಲಿ, ದೂರದಿಂದ ಬಂದ ಸ್ವಂತ ಮಗಳೇ ಇರಲಿ, ಟೈಲರಮ್ಮ ಮುಖ ಮೋರೆ ನೋಡದೆ ಉಗಿಯುತ್ತಿದ್ದಳು. "ಒಳಗೆ ಚೀಲ ಬದಲಾಯಿಸ್ತಿದ್ದಾರೆ ಅಂತ ಬಾಗಿಲ ಮೇಲೆ ಇಷ್ಟು ದಪ್ಪಕ್ಷರದಲ್ಲಿ ಬರೆದಿದೀನಲ್ಲ, ಕಣ್ಣೇನು ಬಾಡಿಗೆಗೆ ಕೊಟ್ಟಿದೀರಾ?" ಬೀದಿಯವರು ಅವಳಿಗೆ ಹೆದರುತ್ತಿದ್ದರು. ಹೆದರಲಿ ಅಂತಲೇ ಅವಳ ಆಸೆ.

ಅವಳ ಸಿಟ್ಟಿಗೆ ಕಾರಣವಿತ್ತು. ಗಂಡನ ಎರಡೂ ಕಿಡ್ನಿ ಕೆಟ್ಟು ಎರಡು ವರ್ಷವಾಗಿತ್ತು. ಮೊದಲ ಆರು ತಿಂಗಳು ವಾರಕ್ಕೆ ಮೂರು ದಿನ ಆಸ್ಪತ್ರೆಯ ಯಂತ್ರದ ಪಕ್ಕ ಮಲಗಿ ರಕ್ತ ತೊಳೆಸಿಕೊಂಡು, ಹಿಂಡಿದ ಬಟ್ಟೆಯ ಹಾಗೆ ಮನೆಗೆ ಬರುತ್ತಿದ್ದ. ಎರಡು ಸಲ ಯಂತ್ರದ ಮೇಲೇ ಬಿ.ಪಿ. ಕುಸಿದು, ಡಾಕ್ಟರುಗಳು ಓಡಿಬಂದು, ಇವಳನ್ನು ಹೊರಗೆ ತಳ್ಳಿ ಪರದೆ ಎಳೆದಿದ್ದರು. ಆ ಪರದೆಯ ಹೊರಗೆ ನಿಂತ ಹತ್ತು ನಿಮಿಷವನ್ನು ಟೈಲರಮ್ಮ ಈ ಜನ್ಮದಲ್ಲಿ ಮರೆಯುವವಳಲ್ಲ. ಅವನ ಹೃದಯ ಈ ಯಂತ್ರವನ್ನು ತಡೆದುಕೊಳ್ಳುವುದಿಲ್ಲ ಅಂತ ಡಾಕ್ಟರು ಮನೆಯಲ್ಲೇ ಮಾಡಿಕೊಳ್ಳುವ ಇನ್ನೊಂದು ದಾರಿ ತೋರಿಸಿದರು. ಹೊಟ್ಟೆಗೆ ಒಂದು ತೆಳು ಟ್ಯೂಬ್ ಹಾಕುತ್ತಾರೆ. ದಿನಕ್ಕೆ ನಾಲ್ಕು ಸಲ ಅದಕ್ಕೆ ಚೀಲ ಜೋಡಿಸಿ, ಒಳಗಿದ್ದ ಹಳೇ ನೀರನ್ನು ಇಳಿಸಿ, ಎರಡು ಲೀಟರ್ ಹೊಸ ನೀರು ತುಂಬಿಸಬೇಕು. ಕಿಡ್ನಿ ಮಾಡಬೇಕಾದ ಕೆಲಸವನ್ನು ಆ ನೀರು ಮಾಡುತ್ತದೆ. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ಮಲಗುವ ಮುಂಚೆ ಇನ್ನೊಂದು.

ಕೇಳುವುದಕ್ಕೆ ಸುಲಭ. ಆದರೆ ಟ್ಯೂಬಿನ ಮುಚ್ಚಳ ತೆಗೆದು ಚೀಲದ ಪೈಪಿಗೆ ಸಿಕ್ಕಿಸುವ ಎರಡು ಮೂರು ಸೆಕೆಂಡು ಇದೆಯಲ್ಲ, ಪ್ರಾಣ ಇರುವುದೇ ಅಲ್ಲಿ. ಆಗ ಆ ತುದಿಗೆ ಏನು ತಾಗಿದರೂ ಹೊಟ್ಟೆಯೊಳಕ್ಕೆ ನೇರ ದಾರಿ. ಅದಕ್ಕೇ ಫ್ಯಾನ್ ಆಫ್, ಕಿಟಕಿ ಬಂದ್, ಬಾಗಿಲು ಬಂದ್. ಮೇಜನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು. ಉಂಗುರ, ವಾಚು ಬಿಚ್ಚಿಡಬೇಕು. ಒಳಗಿರುವವರೆಲ್ಲ ಮೂಗು ಬಾಯಿ ಮುಚ್ಚುವ ಹಾಗೆ ಮಾಸ್ಕ್ ಹಾಕಬೇಕು. ಬೆರಳಿನ ಸಂದು, ಉಗುರಿನ ಬುಡ ಬಿಡದೆ ಕೈ ಉಜ್ಜಿ ತೊಳೆದು, ನಲ್ಲಿಯನ್ನು ಬರಿಗೈಯಲ್ಲಿ ಮುಟ್ಟದೆ ನಿಲ್ಲಿಸಬೇಕು. ಸ್ಕೂಲ್ ಯೂನಿಫಾರಂ ಹೊಲಿಯುವ ಅಂಗಡಿಯಲ್ಲಿ ಟೈಲರಮ್ಮ ಹೇಳುತ್ತಿದ್ದಳು: "ಇಲ್ಲಿ ಅರ್ಧ ಇಂಚು ತಪ್ಪಿದ್ರೆ ಒಂದು ಅಂಗಿ ಹೋಯ್ತು. ನಮ್ಮನೇಲಿ ತಪ್ಪಿದ್ರೆ ಅಂಗಿ ಹಾಕೋ ಮನುಷ್ಯನೇ ಹೋದ."

ನಿಯಮ ಅವಳದಾದರೆ ಕೈಕೆಲಸ ಅವನದು. ಮೂವತ್ತೈದು ವರ್ಷ ಸ್ಕೂಟರ್ ಬಿಚ್ಚಿ ಜೋಡಿಸಿದವನು; ಈಗಲೂ ಬೀದಿಗೆಲ್ಲ ಅವನು ಮೆಕ್ಯಾನಿಕ್. ಗ್ಯಾರೇಜು ಕೈಬಿಟ್ಟ ಮೇಲೆ ಆ ಬೆರಳುಗಳಿಗೆ ಉಳಿದಿದ್ದು ಇದೊಂದೇ ಜೋಡಣೆ. ಆಸ್ಪತ್ರೆಯ ತರಬೇತಿಯಲ್ಲಿ ನರ್ಸ್ ಒಬ್ಬಳು "ಇಷ್ಟು ನೀಟಾಗಿ ಮಾಡೋ ಪೇಶೆಂಟನ್ನ ನಾನು ನೋಡೇ ಇಲ್ಲ" ಅಂದಿದ್ದಳಂತೆ. ಅದನ್ನು ಮನೆಗೆ ಬಂದವರಿಗೆಲ್ಲ ಒಂದು ಸಲ ಹೇಳದೆ ಕಳಿಸುತ್ತಿರಲಿಲ್ಲ. ಪದೇ ಪದೇ ಬಾಗಿಲು ತೆಗೆದು "ಆಯ್ತಾ?" ಅಂತ ಕೇಳುವುದು ಬೇಡವೆಂದು ಬಾಗಿಲಿಗೆ ಅಂಗೈಯಗಲ ಗಾಜನ್ನೂ ಅವನೇ ಕೂರಿಸಿದ್ದ. ಬೆಳಿಗ್ಗೆ, ಸಂಜೆ, ರಾತ್ರಿ ಅವಳು ಪಕ್ಕದಲ್ಲಿ ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಮಧ್ಯಾಹ್ನದ ಚೀಲ ಮಾತ್ರ ಅವನೊಬ್ಬನೇ, ಅವಳು ಅಂಗಡಿಯಲ್ಲಿರುತ್ತಿದ್ದಳು.

ಇಷ್ಟೆಲ್ಲ ಮಾಡಿಯೂ ಎಂಟು ತಿಂಗಳ ಹಿಂದೆ ಹೊಟ್ಟೆಗೆ ಸೋಂಕು ತಗುಲಿತು. ಹೊಟ್ಟೆನೋವು, ಚಳಿಜ್ವರ, ಇಳಿದ ನೀರು ಗಂಜಿಯ ಹಾಗೆ ಕದಡು. ಔಷಧಿ ಹಾಕಿ ಹೇಗೋ ಉಳಿಸಿಕೊಂಡರು. ಮೂರೇ ತಿಂಗಳಿಗೆ ಎರಡನೇ ಸಲ ಬಂತು. ಈ ಸಲ ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಡಾಕ್ಟರು ಹಾಗೆ ಕೂತರೆ ಒಳ್ಳೆಯ ಮಾತು ಬರುವುದಿಲ್ಲ ಅಂತ ಟೈಲರಮ್ಮನಿಗೆ ಗೊತ್ತು.

"ಮೂರನೇ ಸಲ ಬಂದ್ರೆ ಟ್ಯೂಬ್ ತೆಗೀಲೇಬೇಕಾಗುತ್ತೆ ಅಮ್ಮ. ಮತ್ತೆ ಹೊಟ್ಟೆ ಇದಕ್ಕೆ ಒಗ್ಗುತ್ತೆ ಅಂತ ಭರವಸೆ ಇಲ್ಲ. ಆಮೇಲೆ ಯಂತ್ರ ಒಂದೇ ಗತಿ. ಇವರ ಹೃದಯದ ಸ್ಥಿತಿ ನಿಮಗೇ ಗೊತ್ತು." ಆಮೇಲೆ ಕಾಗದ ನೋಡಿ ಅಂದರು, "ಲ್ಯಾಬಿನವರು ಹೇಳೋ ಪ್ರಕಾರ ಇದು ಬಾಯಲ್ಲಿ, ಗಂಟಲಲ್ಲಿ ಇರೋ ಕ್ರಿಮಿ. ಜೋಡಿಸೋ ಹೊತ್ತಲ್ಲಿ ಮಾಸ್ಕ್ ಇಲ್ಲದೆ ಯಾರಾದ್ರೂ ಹತ್ತಿರ ಇದ್ರಾ?"

ಟೈಲರಮ್ಮ ಯೋಚಿಸಲಿಕ್ಕೂ ಹೋಗಲಿಲ್ಲ. ರೇಡಿಯೋ! ಇನ್ಯಾರು?

ರೇಡಿಯೋ ಅಂದರೆ ಗಂಡನ ಅಕ್ಕ. ಬೆಳಿಗ್ಗೆ ಬಾಯಿ ತೆರೆದರೆ ರಾತ್ರಿಯವರೆಗೂ ನಿಲ್ಲದು ಅಂತ ಮನೆಮಂದಿಯೇ ಇಟ್ಟ ಹೆಸರು. ಎರಡನೇ ಸೋಂಕಿಗೆ ನಾಲ್ಕು ದಿನ ಮುಂಚೆ ತಮ್ಮನನ್ನು ನೋಡಲು ಬಂದವಳು, ಸಂಜೆಯ ಚೀಲದ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿ, ಮಂಚದ ತುದಿಯಲ್ಲಿ ಕೂತು, ಬಸ್ಸಿನಲ್ಲಿ ಕಂಡಕ್ಟರನ ಜೊತೆ ಆಡಿದ ಜಗಳವನ್ನು ಎರಡೂ ಕಡೆಯ ದನಿಯಲ್ಲಿ ಆಡಿ ತೋರಿಸಿದ್ದಳು. ಮಾಸ್ಕ್ ಇಲ್ಲ, ಮಣ್ಣಿಲ್ಲ. ಆ ಸಂಜೆ ಟೈಲರಮ್ಮ ಅಂಗಡಿಯಿಂದ ಬಂದಿದ್ದು ತಡ; ಜೋಡಣೆ ಅಷ್ಟೊತ್ತಿಗೆ ಮುಗಿದಿತ್ತು ಅಂತ ಮೆಕ್ಯಾನಿಕ್ ಆವತ್ತೇ ಹೇಳಿದ್ದ. ಆದರೆ ಡಾಕ್ಟರ ಮಾತು ಕಿವಿಗೆ ಬಿದ್ದ ಮೇಲೆ ಟೈಲರಮ್ಮನಿಗೆ ಅದೆಲ್ಲ ಯಾಕೆ ನೆನಪಾಗಬೇಕು? ಗಂಡನೂ ನೆನಪು ಮಾಡಿಕೊಡಲಿಲ್ಲ.

ಮುಂದಿನ ಭಾನುವಾರ ಅತ್ತಿಗೆ ಬಂದಾಗ ಟೈಲರಮ್ಮ ಮನೆಯ ಮೆಟ್ಟಿಲ ಮೇಲೇ ಅಡ್ಡ ನಿಂತಳು.

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ನನ್ನ ತಮ್ಮನ ಮನೆಗೆ."

"ನಿಮ್ಮ ತಮ್ಮ ಬೇಕು ಅಂದ್ರೆ ಕೆಳಗೇ ನಿಲ್ಲಿ ಅತ್ತಿಗೆ. ನಿಮ್ಮ ಬಾಯಿಂದ ಬಿದ್ದ ಕ್ರಿಮಿ ಅವರ ಹೊಟ್ಟೇಲಿ ಸಿಕ್ಕಿದೆ. ಕಾಗದ ಇದೆ, ತೋರಿಸಲಾ? ಇನ್ನೊಂದು ಸಲ ಹೀಗಾದ್ರೆ ನಿಮ್ಮ ತಮ್ಮ ಉಳಿಯಲ್ಲ. ಕೊಳೆತ ಬಾಯಿ ಇಟ್ಕೊಂಡು ನನ್ನ ಮನೆ ಹೊಸ್ತಿಲು ತುಳೀಬೇಡಿ."

ಬೀದಿಯೆಲ್ಲ ಕೇಳಿಸಿಕೊಂಡಿತು. ಅತ್ತಿಗೆಯ ಬಾಯಿಂದ ಆ ದಿನ ಮಾತೇ ಹೊರಡಲಿಲ್ಲ. ಮೇಲಿನ ಕಿಟಕಿಯಲ್ಲಿ ಮೆಕ್ಯಾನಿಕ್ ನಿಂತಿದ್ದ. ಅವನೂ ತುಟಿ ಪಿಟಕ್ಕೆನ್ನಲಿಲ್ಲ. ಹೆಂಡತಿಗೆ ಹೆದರಿದ ಅಂತ ಎಲ್ಲರೂ ಅಂದುಕೊಂಡರು. ಪಾಪ, ಹಾಗೆ ಅಂದುಕೊಳ್ಳುವುದು ಸಹಜವೇ.

ಆದರೂ ಅತ್ತಿಗೆ ಬರುವುದನ್ನು ಬಿಡಲಿಲ್ಲ. ಪ್ರತಿ ಭಾನುವಾರ ಮಾಸ್ಕ್ ಹಾಕಿಕೊಂಡು ಬಂದು, ಕೆಳಗಿನ ಮೆಟ್ಟಿಲ ಹತ್ತಿರ ನಿಂತು, ಕಿಟಕಿಯಲ್ಲಿ ಕಾಣುವ ತಮ್ಮನಿಗೆ ಕೈ ಎತ್ತಿ, ಹಣ್ಣಿನ ಚೀಲವನ್ನು ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದಳು. ಮೊದಮೊದಲು "ಊಟ ಆಯ್ತೇನೋ?" ಅಂತ ಕೂಗುತ್ತಿದ್ದಳು. ಬರಬರುತ್ತ ಅದೂ ನಿಂತು, ಬರೀ ತಲೆಯಾಡಿಸುವುದಾಯಿತು. ಟೈಲರಮ್ಮ ಅಂಗಡಿಯಲ್ಲಿ ಕತ್ತರಿ ಆಡಿಸುತ್ತ, "ನಮ್ಮ ರೇಡಿಯೋ ಕೆಟ್ಟು ಮೂಲೆ ಸೇರಿದೆ, ರಿಪೇರಿಯವರು ಯಾರಾದ್ರೂ ಗೊತ್ತೇನ್ರೇ?" ಅಂತ ನಗಿಸುತ್ತಿದ್ದಳು. ಹೀಗೆ ಐದು ತಿಂಗಳು ಕಳೆಯಿತು. ಸೋಂಕು ಬರಲಿಲ್ಲ. ಸರಿಯಾದ ಬೇರನ್ನೇ ಕಿತ್ತಿದ್ದೇನೆ ಅಂತ ಅವಳಿಗೆ ಧೈರ್ಯ ಬಂತು.

ಒಂದು ಬುಧವಾರ ಹನ್ನೊಂದೂವರೆಗೆ ಅಂಗಡಿಯ ಬೀದಿಯಲ್ಲಿ ಕರೆಂಟ್ ಹೋಯಿತು. ಸಂಜೆವರೆಗೂ ಬರುವುದಿಲ್ಲ ಅಂತ ಗೊತ್ತಾಗಿ ಯಜಮಾನಿ ಎಲ್ಲರನ್ನೂ ಮನೆಗೆ ಕಳಿಸಿದಳು. ಟೈಲರಮ್ಮ ಮನೆ ಸೇರಿದಾಗ ಹನ್ನೆರಡು ದಾಟಿತ್ತು. ಒಳಗೆ ಚೀಲದ ಹೊತ್ತು. ಸದ್ದು ಮಾಡಬಾರದೆಂದು ಚಪ್ಪಲಿ ಕೈಯಲ್ಲಿ ಹಿಡಿದು ಬಂದು ಬಾಗಿಲ ಗಾಜಿನಲ್ಲಿ ಇಣುಕಿದಳು.

ಫ್ಯಾನ್ ನಿಂತಿತ್ತು. ಕಿಟಕಿ ಮುಚ್ಚಿತ್ತು. ಮೇಜು ಒರೆಸಿ ಫಳಫಳ ಅನ್ನುತ್ತಿತ್ತು. ಮೆಕ್ಯಾನಿಕ್ ಕೈ ತೊಳೆದು, ಹನಿ ಜಾಡಿಸಿ, ಒಣಗಿಸಿಕೊಂಡು ಕೂತ. ನನ್ನ ಗಂಡ ಅಂದರೆ ನನ್ನ ಗಂಡ, ಅಂತ ಅವಳಿಗೆ ಹೆಮ್ಮೆಯೇ ಆಯಿತು. ಅವನು ಚೀಲದ ಪೈಪನ್ನು ಎಡಗೈಯಲ್ಲಿ ಹಿಡಿದ. ಉಸಿರಿಗೆ ಕನ್ನಡಕ ಮಂಜಾಯಿತೇನೋ, ಮಣಿಕಟ್ಟಿನಿಂದ ಮಾಸ್ಕನ್ನು ಗದ್ದಕ್ಕೆ ಇಳಿಸಿದ. ಟ್ಯೂಬಿನ ಮುಚ್ಚಳ ತಿರುಗಿಸಿ ತೆಗೆದ. ಆ ತುದಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬೆಳಕಿಗೆ ಹಿಡಿದು ನೋಡಿ, ತುಟಿ ಮುಂದೆ ಮಾಡಿ 'ಉಫ್' ಅಂತ ಒಂದು ಸಲ ಊದಿ, ಪೈಪಿಗೆ ಸಿಕ್ಕಿಸಿದ. ಮಾಸ್ಕನ್ನು ಮತ್ತೆ ಮೇಲೇರಿಸಿಕೊಂಡ.

ಟೈಲರಮ್ಮನ ಕೈಯಿಂದ ಚಪ್ಪಲಿ ಜಾರಿಬಿತ್ತು. ಗ್ಯಾರೇಜಿಗೆ ಊಟದ ಡಬ್ಬಿ ಒಯ್ದು ಕೊಟ್ಟ ಅಷ್ಟೂ ವರ್ಷ ಅವಳು ಇದನ್ನೇ ನೋಡಿದ್ದಳು. ಕಾರ್ಬುರೇಟರಿನ ಜೆಟ್ ಇರಲಿ, ಪೆಟ್ರೋಲ್ ಪೈಪ್ ಇರಲಿ, ಕೂರಿಸುವ ಮುಂಚೆ ಬೆಳಕಿಗೆ ಹಿಡಿದು ಒಂದು ಸಲ ಬಾಯಿಂದ ಊದಲೇಬೇಕು. ಬಾಗಿಲು ಧಡಾರನೆ ತೆರೆದುಕೊಂಡಿತು. ಕೇಳದೆ ಬಾಗಿಲು ತೆಗೆದವಳು ಈ ಸಲ ಅವಳೇ.

"ಏನು ಮಾಡಿದ್ರಿ? ಈಗ ಏನು ಮಾಡಿದ್ರಿ ನೀವು?"

"ಮಾಸ್ಕ್ ಹಾಕೇ, ಮೊದಲು ಮಾಸ್ಕ್…"

"ಮಾಸ್ಕಂತೆ! ನನಗೆ ಹೇಳ್ತೀರಾ? ಊದಿದ್ರಲ್ರೀ! ನಿಮ್ಮ ಹೊಟ್ಟೆಯೊಳಗೆ ಹೋಗೋ ಪೈಪಿಗೆ ನಿಮ್ಮ ಬಾಯಲ್ಲೇ ಊದಿದ್ರಲ್ರೀ!"

ಮೆಕ್ಯಾನಿಕ್ ತಲೆ ತಗ್ಗಿಸಿದ. ಹಳೇ ನೀರು ಪೈಪಿನಲ್ಲಿ ನೆಲದ ಮೇಲಿನ ಖಾಲಿ ಚೀಲಕ್ಕೆ ಇಳಿಯತೊಡಗಿತ್ತು. ಅರ್ಧದಲ್ಲಿ ಎದ್ದು ಹೋಗುವ ಹಾಗಿಲ್ಲ. ಅವಳ ಬಾಯಿಗೆ ಸರಿಯಾಗಿ ಸಿಕ್ಕಿಬಿದ್ದಿದ್ದ.

"ಧೂಳಿದ್ರೆ ಅಂತ… ಪೈಪ್ ಕೈಗೆ ಬಂದ್ರೆ ಬಾಯಿ ತಾನಾಗೇ ಬರುತ್ತೆ ಕಣೇ. ನೀನು ಪಕ್ಕದಲ್ಲಿದ್ರೆ ಮಾಸ್ಕ್ ಇರುತ್ತೆ, ನೆನಪೂ ಇರುತ್ತೆ. ಒಬ್ಬನೇ ಇದ್ದಾಗ ಕನ್ನಡಕ ಮಂಜಾಗಿ ಏನೂ ಕಾಣಲ್ಲ. ಇಳಿಸ್ತೀನಿ. ಆಮೇಲೆ ಕೈ ಅದರ ಪಾಡಿಗೆ ಅದು ಮಾಡಿಬಿಡುತ್ತೆ."

"ಯಾವತ್ತಿಂದ?"

ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದ.

"ಯಾವತ್ತಿಂದ ಅಂತ ಕೇಳ್ದೆ!"

"ಮೊದಲಿಂದಲೂ ಇರಬೇಕು. ನನಗೆ ಗೊತ್ತಾಗಿದ್ದು ಎರಡನೇ ಸಲ ಆದಾಗ. ಡಾಕ್ಟ್ರು ಬಾಯಿ ಕ್ರಿಮಿ ಅಂದ್ರಲ್ಲ, ಆಗ ಹೊಳೀತು. ಬಿಟ್ಟಿದ್ದೆ ಕಣೇ, ಆಣೆಗೂ ಮೂರು ನಾಲ್ಕು ತಿಂಗಳು ನೆನಪಿಟ್ಕೊಂಡು ಬಿಟ್ಟಿದ್ದೆ. ಈಚೆಗೆ ಮತ್ತೆ ಶುರುವಾಗಿಬಿಟ್ಟಿದೆ."

ಟೈಲರಮ್ಮನಿಗೆ ತಲೆಯಿಂದ ಕಾಲಿನವರೆಗೂ ಉರಿ ಹತ್ತಿತು. ಗೊತ್ತಿತ್ತು! ಈ ಮನುಷ್ಯನಿಗೆ ಗೊತ್ತಿತ್ತು. ಐದು ತಿಂಗಳಿಂದ ಮೇಲಿನ ಕಿಟಕಿಯಲ್ಲಿ ನಿಂತು, ಕೆಳಗೆ ಬಿಸಿಲಲ್ಲಿ ನಿಂತ ಸ್ವಂತ ಅಕ್ಕನಿಗೆ ಕೈಯೆತ್ತಿದ್ದಾನೆ.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಈ ಕೆಲಸಾನೂ ಕಿತ್ಕೊಳ್ತಿದ್ದೆ. ಮಗು ಥರ ಕೂರಿಸಿ ಎಲ್ಲ ನೀನೇ ಮಾಡ್ತಿದ್ದೆ. ನನ್ನ ಕೈಗೆ ಇನ್ನೇನು ಉಳಿದಿದೆ ಹೇಳು? ಅಷ್ಟರಲ್ಲಿ ನೀನು ಅಕ್ಕನ ಮೇಲೆ ಹಾಕಿದ್ದೆ. ಅಕ್ಕ ಹೇಗೂ ಮನಸ್ಸಿಗೆ ಹಚ್ಕೊಳ್ಳಲ್ಲ, ಸಲ್ಪ ದಿನ ಕಳೀಲಿ ಅಂತ…"

"ಮುಚ್ಚಿ ಬಾಯಿ!" ಅವಳ ದನಿಗೆ ಪಕ್ಕದ ಮನೆಯ ಕಿಟಕಿ ತೆರೆಯಿತು. "ಹಚ್ಕೊಳ್ಳಲ್ವಂತೆ! ನಿಮ್ಮ ಅಕ್ಕನ ಬಾಯಿ ಕೊಳೆತಿದೆ ಅಂತ ನಾನು ನಡುಬೀದೀಲಿ ಹೇಳಿದೀನಲ್ರೀ. ನನ್ನ ಬಾಯಲ್ಲಿ ಹೇಳಿಸಿದ್ರಲ್ರೀ! ನಾನು ಹುಚ್ಚಿ ಥರ ಹಾಲಿನವನಿಗೆ ಬೈದೆ, ಮಗಳಿಗೆ ಬೈದೆ, ಊರಿಗೆಲ್ಲ ಬೈದೆ. ಕ್ರಿಮಿ ಊದೋ ಮಹಾರಾಯ್ರು ಇಲ್ಲಿ ಮಾಸ್ಕ್ ಹಾಕ್ಕೊಂಡು ಸಾಧು ಥರ ಕೂತಿದ್ರು!"

ಬೈಯುತ್ತ ಬೈಯುತ್ತ ಅವಳ ಕಣ್ಣು ನೆಲದ ಮೇಲಿನ ಚೀಲಕ್ಕೆ ಹೋಯಿತು. ಮುಕ್ಕಾಲು ತುಂಬಿತ್ತು. ಅವಳು ಬಗ್ಗಿ ಅದರ ಹಿಂದೆ ಅಂಗೈ ಇಟ್ಟಳು. ನೀರು ತಿಳಿಯಾಗಿದ್ದರೆ ಬೆರಳಿನ ಗೆರೆಯೂ ಕಾಣಬೇಕು. ಬೆರಳೇ ಕಾಣಲಿಲ್ಲ.

"ಹೊಟ್ಟೆ ನೋವಿದೆಯಾ?"

ಮೆಕ್ಯಾನಿಕ್ ಗೋಡೆ ನೋಡಿದ. "ನಿನ್ನೆಯಿಂದ ಸಲ್ಪ ಇದೆ."

ಅಷ್ಟು ಹೊತ್ತು ಬೈದವಳು ಅಲ್ಲೇ ನೆಲದ ಮೇಲೆ, ಆ ಕದಡಿದ ಚೀಲದ ಪಕ್ಕ ಕೂತುಬಿಟ್ಟಳು. ಪರದೆಯ ಹೊರಗಿನ ಆ ಹತ್ತು ನಿಮಿಷ ಮತ್ತೆ ಎದುರಿಗೆ ಬಂದು ನಿಂತಿತು.

ಆಸ್ಪತ್ರೆಯಲ್ಲಿ ನಾಲ್ಕು ದಿನ ಔಷಧಿ ಹಾಕಿ ನೋಡಿದರು. ನೀರು ತಿಳಿಯಾಗಲಿಲ್ಲ. ಐದನೇ ದಿನ ಡಾಕ್ಟರು ಮತ್ತೆ ಕುರ್ಚಿ ಎಳೆದುಕೊಂಡು ಕೂತರು. ಮರುದಿನ ಬೆಳಿಗ್ಗೆ ಟ್ಯೂಬ್ ತೆಗೆಯುವುದು, ಅದರ ಮಾರನೇ ದಿನದಿಂದ ಯಂತ್ರ. ಬೇರೆ ದಾರಿ ಇಲ್ಲ. ಹೃದಯ ತಡೆಯುತ್ತದಾ ಅಂತ ಟೈಲರಮ್ಮ ಕೇಳಿದಳು. "ನಿಧಾನವಾಗಿ ಶುರು ಮಾಡ್ತೀವಿ, ನೋಡೋಣ" ಅಂದರು. ನೋಡೋಣ ಅಂದರೆ ಏನು ಅಂತ ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಡಾಕ್ಟರು ಹೋದ ಮೇಲೆ ಅವಳು ಗಂಡನ ಮಂಚದ ಪಕ್ಕ ಬಂದು ನಿಂತಳು. ಸಿಟ್ಟು ಒಂದು ಎಳೆಯೂ ಇಳಿದಿರಲಿಲ್ಲ. ಸಾಯುವವನ ಮೇಲೆ ಸಿಟ್ಟು ಮಾಡಬಾರದು ಅಂತ ಯಾರಾದರೂ ಹೇಳಿದ್ದರೆ ಅವರಿಗೂ ಎರಡು ಬಿಡುತ್ತಿದ್ದಳು.

"ಅತ್ತಿಗೆಗೆ ಫೋನ್ ಮಾಡಿದೀನಿ, ಬರ್ತಿದಾರೆ. ನಾನು ಏನೂ ಹೇಳಿಲ್ಲ. ನೀವೇ ಹೇಳ್ಬೇಕು. ನಾಳೆ ಏನಾಗುತ್ತೋ ಗೊತ್ತಿಲ್ಲ. ಇವತ್ತು ಹೇಳ್ಬೇಕು."

ಸಂಜೆ ಅತ್ತಿಗೆ ಬಂದಳು. ವಾರ್ಡಿನ ಬಾಗಿಲಲ್ಲೇ ನಿಂತಳು. ಮುಖದ ಮೇಲೆ ಎರಡು ಮಾಸ್ಕ್, ಒಂದರ ಮೇಲೊಂದು. ಸಾಲು ಮಂಚಗಳ ಪಕ್ಕ ಜನ ಬರಿಮುಖದಲ್ಲೇ ಕೂತು ಹರಟುತ್ತಿದ್ದರು, ಕೆಮ್ಮುತ್ತಿದ್ದರು.

"ಒಳಗೆ ಬನ್ನಿ ಅತ್ತಿಗೆ," ಟೈಲರಮ್ಮ ಅಂದಳು.

"ಬೇಡ. ಇಲ್ಲಿಂದಲೇ ಕಾಣಿಸ್ತಾನೆ." ದನಿ ಎಷ್ಟು ಸಣ್ಣಗಿತ್ತೆಂದರೆ ಟೈಲರಮ್ಮ ಹತ್ತಿರ ಹೋಗಿ ಕೇಳಬೇಕಾಯಿತು. "ನಾನು ಈ ಐದು ತಿಂಗಳು ಹತ್ತಿರ ಬಂದಿಲ್ಲ ಕಣಮ್ಮ. ಹಣ್ಣನ್ನೂ ತೊಳೆದೇ ತರ್ತಿದ್ದೆ. ಮತ್ತೆ ಹೇಗೆ ಬಂತು? ಹೇಳು, ನಾನು ಇನ್ನೆಲ್ಲಿ ತಪ್ಪಿದೆ?"

ಟೈಲರಮ್ಮ ಗಂಡನ ಕಡೆ ತಿರುಗಿ "ಹೇಳಿ!" ಅಂತ ಗದರಿದಳು.

ಮೆಕ್ಯಾನಿಕ್ ದಿಂಬಿಗೊರಗಿ ಹೇಳಿದ. ಪೈಪಿನ ವಿಷಯ, ಊದುವ ವಿಷಯ, ಎರಡನೇ ಸಲವೇ ಗೊತ್ತಾಗಿದ್ದು, ಹೇಳದೆ ಉಳಿದದ್ದು. ಅತ್ತಿಗೆಗೆ ಮೊದಲ ಸಲ ಅರ್ಥವಾಗಲಿಲ್ಲ. "ಯಾರು ಊದಿದ್ದು?" ಅಂದಳು. ಅವನು ಮತ್ತೊಮ್ಮೆ ಮೊದಲಿಂದ ಹೇಳಬೇಕಾಯಿತು.

"ನಾನಲ್ವಾ?"

"ನೀನಲ್ಲ ಅಕ್ಕ. ನೀನು ಬಂದಾಗ ಜೋಡಿಸಿ ಆಗಿತ್ತು."

ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಟೈಲರಮ್ಮ ಕಾದಳು. ಬೈಯಲಿ, ಎಷ್ಟು ಬೇಕಾದರೂ ಬೈಯಲಿ, ಬೇಕಾದರೆ ಕೆನ್ನೆಗೆ ಬಾರಿಸಲಿ. ತನ್ನ ನಾಲಿಗೆಯನ್ನು ಕತ್ತರಿಯಲ್ಲಿ ತುಂಡು ಮಾಡಿದರೂ ತಪ್ಪಿಲ್ಲ ಅನಿಸುತ್ತಿತ್ತು. ಅತ್ತಿಗೆ ಬೈಯಲಿಲ್ಲ. ಆ ಎರಡು ಮಾಸ್ಕಿನ ಮೇಲಿಂದ ಕಣ್ಣು ಮಾತ್ರ ನೋಡುತ್ತಿದ್ದವು. ಟೈಲರಮ್ಮನಿಗೆ ಅದನ್ನು ತಡೆಯಲಾಗಲಿಲ್ಲ.

"ತೆಗೀರಿ ಅದನ್ನ! ಇನ್ನೂ ಯಾಕೆ ಕಟ್ಕೊಂಡಿದೀರಿ? ತೆಗೀರಿ ಅತ್ತಿಗೆ!" ಅಂತ ಕೈಯನ್ನೇ ಹಾಕಿದಳು.

ಅತ್ತಿಗೆ ಆ ಕೈಯನ್ನು ಹಿಡಿದು ಆಚೆ ತಳ್ಳಿದಳು. ಹಳೇ ರೇಡಿಯೋ ದನಿ ಇಡೀ ವಾರ್ಡಿಗೆ ಕೇಳಿಸಿತು.

"ಮುಟ್ಟಬೇಡ! ಮೆಟ್ಟಿಲ ಮೇಲೆ ನಿಲ್ಲಿಸಿದೆ, ಅದು ಹಾಳಾಗಿ ಹೋಗ್ಲಿ. ನೀನು ಹೇಳಿದ್ದನ್ನ ನಾನು ನಂಬಿದ್ದೆ ಕಣೇ! ನನ್ನ ಬಾಯಲ್ಲಿ ವಿಷ ಇದೆ ಅಂತ ನಂಬಿದ್ದೆ. ಮೊಮ್ಮಗಳು ಹುಟ್ಟಿ ನಾಲ್ಕು ತಿಂಗಳಾಯ್ತು. ಮಾಸ್ಕ್ ಹಾಕ್ಕೊಂಡೇ ಸ್ನಾನ ಮಾಡಿಸ್ತೀನಿ, ಮಾಸ್ಕ್ ಹಾಕ್ಕೊಂಡೇ ಮಲಗಿಸ್ತೀನಿ. ಇವತ್ತಿಗೂ ಒಂದು ಮುತ್ತು ಕೊಟ್ಟಿಲ್ಲ. ಮೊನ್ನೆ ನೀರು ಕುಡಿಯೋಕೆ ಅಂತ ಮಾಸ್ಕ್ ಇಳಿಸಿದೆ. ಮಗು ನನ್ನ ಮುಖ ನೋಡಿ, ಯಾರೋ ಹೊರಗಿನವರು ಬಂದ್ರು ಅಂತ ಕಿಟಾರನೆ ಕಿರುಚಿಕೊಳ್ತು."